ಬಳೆ ಅಡ ಇಡುವ ಮೊದಲು ಅರ್ಜಿ ಹಾಕಿ

ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ಅಮ್ಮಂದಿರ ಪತ್ರಗಳು ಈಚೆಗೆ ಜಾಸ್ತಿ ಬರುತ್ತಿವೆ. ತುಮಕೂರಿನಿಂದ ಬಂದ ಈ ಪತ್ರ ಓದಿ ಮಾತ್ರ ಹೊಟ್ಟೆ ಉರಿಯಿತು. ಗಂಡ ಬಿಟ್ಟುಹೋಗಿ ಮೂರು ವರ್ಷ. ಡೈವೋರ್ಸ್ ಆಗಿಲ್ಲ. ಆತ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಬಿಡಿಗಾಸು ಕಳಿಸಿಲ್ಲ. ಇವರು ಖಾಸಗಿ ಶಾಲೆಯಲ್ಲಿ ಟೀಚರ್. ಸಂಬಳ 14 ಸಾವಿರ, ಬಾಡಿಗೆ 5 ಸಾವಿರ. ಮಗಳು ನಾಲ್ಕನೇ ಕ್ಲಾಸು. ಮನೆ ಖಾಲಿ ಮಾಡಿ ಅಣ್ಣನ ಮನೆಗೆ ಹೋಗಲೇ ಅಂತ ಕೇಳಿದ್ದಾರೆ.

ಪತ್ರದ ಕೊನೆಗೆ ಒಂದು ಸಾಲಿದೆ. "ಪ್ರತಿ ಜೂನ್‌ನಲ್ಲಿ ಫೀಸಿಗೆ ಬಳೆ ಅಡ ಇಡ್ತೀನಿ, ಯುಗಾದಿ ಹೊತ್ತಿಗೆ ಬಿಡಿಸ್ಕೋತೀನಿ. ಅದೇನೂ ದೊಡ್ಡ ವಿಷಯ ಅಲ್ಲ ಬಿಡಿ."

ದೊಡ್ಡ ವಿಷಯವೇ ತಾಯಿ. ಅಪ್ಪ ಕಟ್ಟಬೇಕಾದ ಫೀಸಿಗೆ ನೀವು ಬಡ್ಡಿ ಕಟ್ಟುತ್ತಿದ್ದೀರಿ.

"ಬಾ, ಆದರೆ ಕೇಸು ಗೀಸು ಬೇಡ, ಮರ್ಯಾದೆ ಹೋಗುತ್ತೆ" ಅಂದರಂತೆ ಅಣ್ಣ. ನಿಮ್ಮ ಗಂಡನಿಗಿಂತ ಈ ಅಣ್ಣನ ಮೇಲೆ ನನಗೆ ಜಾಸ್ತಿ ಸಿಟ್ಟು. ತಂಗಿ ಬಳೆ ಬಿಚ್ಚಿ ಸೊಸೈಟಿ ಕೌಂಟರಿನಲ್ಲಿ ಇಟ್ಟಾಗ ಹೋಗದ ಮರ್ಯಾದೆ ಕೋರ್ಟಿಗೆ ಹೋದರೆ ಹೋಗುತ್ತಾ? ಆ ಷರತ್ತಿಗೆ ಒಪ್ಪಿ ಅಲ್ಲಿಗೆ ಹೋಗಬೇಡಿ.

"ಅವರ ದುಡ್ಡು ನನಗೆ ಬೇಡ" ಅಂತಲೂ ಬರೆದಿದ್ದೀರಿ. ನಿಮಗೆ ಬೇಡದಿದ್ದರೆ ಬಿಡಿ. ಮಗಳ ಪಾಲನ್ನು ಬೇಡ ಅನ್ನೋಕೆ ನೀವು ಯಾರು? ಜೀವನಾಂಶ ಭಿಕ್ಷೆಯಲ್ಲ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಇದಕ್ಕೆ ಡೈವೋರ್ಸ್ ಬೇಕಿಲ್ಲ. ಬೆಂಗಳೂರಿಗೆ ಅಲೆಯಬೇಕಿಲ್ಲ, ನೀವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಮೊದಲು ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಅನ್ನುತ್ತಿದ್ದರು, ಅದರ ಜಾಗಕ್ಕೆ ಬಂದ ಹೊಸ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 144. ಕೇಸು ಮುಗಿಯುವವರೆಗೆ ಸಿಗುವ ಮಧ್ಯಂತರ ಜೀವನಾಂಶವನ್ನು ಗಂಡನಿಗೆ ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟೂ ತೀರ್ಮಾನಿಸಬೇಕು ಅಂತಿದೆ. ಎಳೆದಾಡುವುದೂ ಉಂಟು. ಆದರೆ ಸುಪ್ರೀಂ ಕೋರ್ಟ್ 2020ರ ರಜನೇಶ್-ನೇಹಾ ತೀರ್ಪಿನಲ್ಲಿ ಎರಡು ಮಾತು ಹೇಳಿದೆ. ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು. ಅಂದರೆ ನೀವು ಸುಮ್ನೆ ಕೂತ ಒಂದೊಂದು ತಿಂಗಳೂ ಮಗಳಿಗೆ ನಷ್ಟ.

ಈ ವಾರವೇ ಒಂದು ದಿನ ರಜೆ ಹಾಕಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಸಂಬಳ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100. ಮದುವೆ ಫೋಟೊ, ಮಗಳ ಜನನ ಪ್ರಮಾಣಪತ್ರ, ಫೀಸಿನ ರಸೀದಿ, ಬಳೆ ಅಡವಿಟ್ಟ ಚೀಟಿ ಎಲ್ಲ ಜೊತೆಗಿರಲಿ. ಅಣ್ಣನಿಗೆ ಅರ್ಜಿ ಹಾಕಿದ ಮೇಲೆ ಹೇಳಿದರೆ ಸಾಕು.