ಓದುಗರ ಪ್ರಶ್ನೆ: ಮಡಿಕೇರಿಯ ಮುಸ್ಸಂಜೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಪ್ರಶ್ನೆ: ರಾತ್ರಿ ಎಂಟರ ನಂತರ ಮಡಿಕೇರಿ ಪೇಟೆಯ ಚಿತ್ರ ತೆಗೆದರೆ ಆಕಾಶ ಕಪ್ಪು ಕಂಬಳಿ ಹೊದಿಸಿದಂತೆ ಬರುತ್ತದೆ, ಬೀದಿದೀಪಗಳೆಲ್ಲ ಬಿಳಿಯ ಉಂಡೆಗಳಾಗುತ್ತವೆ. ಒಳ್ಳೆಯ ಕ್ಯಾಮೆರಾ, ಟ್ರೈಪಾಡ್ ಎರಡೂ ಇವೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಸುಂಟಿಕೊಪ್ಪ

ಉತ್ತರ: ನೀವು ಒಂದೂವರೆ ಗಂಟೆ ತಡವಾಗಿ ಹೊರಡುತ್ತಿದ್ದೀರಿ. ರಾತ್ರಿಯ ಊರೆಂದು ನಾವು ಮೆಚ್ಚುವ ಚಿತ್ರಗಳಲ್ಲಿ ಹೆಚ್ಚಿನವು ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ತೆಗೆದವು. ಆ ಹೊತ್ತಿನಲ್ಲಿ ಆಕಾಶದ ಬೆಳಕೂ ಅಂಗಡಿಬೀದಿಯ ದೀಪಗಳ ಬೆಳಕೂ ಹೆಚ್ಚುಕಡಿಮೆ ಸಮತೂಕಕ್ಕೆ ಬರುವುದರಿಂದ ಒಂದೇ ಚಿತ್ರದಲ್ಲಿ ಎರಡನ್ನೂ ಹಿಡಿಯಬಹುದು. ಆಗ ಕಾಣುವ ಕಡುನೀಲಿಯಲ್ಲಿ ಓಝೋನಿನ ಪಾಲು ದೊಡ್ಡದು. ದಿಗಂತದ ಕೆಳಗಿರುವ ಸೂರ್ಯನ ಬೆಳಕು ಓಝೋನ್ ಪದರದೊಳಗೆ ಓರೆಯಾಗಿ ಬಹುದೂರ ಹಾದುಬರುವಾಗ ಅದರ ಕಿತ್ತಳೆ, ಕೆಂಪು ಅಂಶಗಳಲ್ಲಿ ಒಂದಿಷ್ಟು ಅಲ್ಲಿಯೇ ಹೀರಿಹೋಗುತ್ತದೆ.

ಈ ನೀಲಿ ಹೊತ್ತು ನಮ್ಮಲ್ಲಿ ಬಹಳ ಚಿಕ್ಕದು. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ದಿಗಂತದಿಂದ ಆರು ಡಿಗ್ರಿ ಕೆಳಗಿಳಿಯಲು ಲಂಡನ್‌ನಲ್ಲಿ ಸುಮಾರು 40 ನಿಮಿಷ ಹಿಡಿದರೆ, ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಮಡಿಕೇರಿಯಲ್ಲಿ 23 ನಿಮಿಷ ಸಾಕು. ಹೊರದೇಶದವರ ವಿಡಿಯೋ ನೋಡಿ ಕಲಿತವರು ಇಲ್ಲಿ ಟ್ರೈಪಾಡಿನ ಕಾಲು ಬಿಚ್ಚುವಷ್ಟರಲ್ಲಿ ಕತ್ತಲಾಗಿರುತ್ತದೆ. ಆದ್ದರಿಂದ ಹಗಲಿನಲ್ಲಿಯೇ ಜಾಗ ನೋಡಿ, ಎಲ್ಲಿ ನಿಲ್ಲಬೇಕೆಂದು ನಿಶ್ಚಯಿಸಿಕೊಂಡು, ಸೂರ್ಯಾಸ್ತಕ್ಕೆ ಮೊದಲೇ ಕ್ಯಾಮೆರಾ ಕೂರಿಸಿರಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಂಡಿ) ಎಫ್ 8 ಇಟ್ಟುಕೊಂಡು, ಕತ್ತಲೇರಿದಂತೆ ಶಟರ್ ತೆರೆದಿರುವ ಅವಧಿಯನ್ನು ಒಂದು ಸೆಕೆಂಡಿನಿಂದ ಹತ್ತು ಹದಿನೈದು ಸೆಕೆಂಡಿನವರೆಗೆ ಏರಿಸುತ್ತಾ ಹೋಗಿ. ಟ್ರೈಪಾಡಿನ ಮೇಲಿರುವಾಗ ಕೈಯ ಅಲುಗಾಟ ಸರಿಪಡಿಸುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ, ಬಟನ್ ಒತ್ತಿದ ಅದುರು ತಟ್ಟದಂತೆ ಎರಡು ಸೆಕೆಂಡಿನ ಟೈಮರ್ ಇಡಿ.

ರಾಜಾಸೀಟಿನಲ್ಲಿ ಸೂರ್ಯ ಮುಳುಗಿದೊಡನೆ ಜನ ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ. ನಿಮ್ಮ ಕೆಲಸ ಶುರುವಾಗುವುದು ಆಮೇಲೆ. ಕೆಳಗಿನ ಕಣಿವೆಯ ರಸ್ತೆಯಲ್ಲಿ ವಾಹನ ಬರುವುದನ್ನು ಕಾದು ಇಪ್ಪತ್ತು ಸೆಕೆಂಡು ಶಟರ್ ತೆರೆದಿಟ್ಟರೆ ತಿರುವುಗಳುದ್ದಕ್ಕೂ ಬೆಳಕಿನ ಗೆರೆ ಮೂಡುತ್ತದೆ. ಉದ್ಯಾನದ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ನನ್ನನ್ನು ಕೇಳಿದರೆ ಅದಕ್ಕಿಂತ ಓಂಕಾರೇಶ್ವರ ದೇವಾಲಯವೇ ಮೇಲು. ಕೊಡಗಿನ ಅರಸ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಈ ಗುಡಿಯ ಗುಮ್ಮಟವೂ ನಾಲ್ಕು ಮೂಲೆಯ ಮಿನಾರುಗಳೂ ಗಾಳಿಯಿಲ್ಲದ ಸಂಜೆ ಎದುರಿನ ಕೊಳದಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಟ್ರೈಪಾಡ್ ಊರುವ ಮುನ್ನ ಅಲ್ಲಿನವರ ಅನುಮತಿ ಕೇಳುವುದು ಒಳ್ಳೆಯದು.

ಅಲ್ಲಿಯೇ ನಾನೊಮ್ಮೆ ಮೋಸಹೋದೆ. ಪ್ರತಿ ದೀಪದ ಸುತ್ತಲೂ ಮೂಡಿದ ಮೆದುವಾದ ಪ್ರಭಾವಳಿಯನ್ನು ಮಂಜಿನ ಕೃಪೆಯೆಂದು ತಿಳಿದು, ಬಹಳ ಹೊತ್ತು ಒಂದೇ ಸಮನೆ ತೆಗೆಯುತ್ತಾ ಹೋದೆ. ಮನೆಗೆ ಬಂದು ನೋಡಿದರೆ ಲೆನ್ಸಿನ ಮುಂದಿನ ಗಾಜು ಹಲಸಿನ ಎಲೆಯ ಮೇಲಿನಂತೆ ಇಬ್ಬನಿಯಿಂದ ತೊಯ್ದಿತ್ತು. ತೆರೆದ ಬಾನಿನ ಕೆಳಗೆ ಗಾಜು ಸುತ್ತಲಿನ ಗಾಳಿಗಿಂತಲೂ ಬೇಗ ತಣಿಯುವುದರಿಂದ ಕೊಡಗಿನಂತಹ ತೇವದ ಊರಿನಲ್ಲಿ ಅದರ ಮೇಲೆ ನೀರು ಕೂರುವುದು ಸಹಜ. ಐದು ನಿಮಿಷಕ್ಕೊಮ್ಮೆ ಟಾರ್ಚನ್ನು ಓರೆಯಾಗಿ ಹಿಡಿದು ಗಾಜನ್ನು ನೋಡಿ. ಮಂಜು ಊರಿನ ಮೇಲಿದೆಯೋ ಲೆನ್ಸಿನ ಮೇಲಿದೆಯೋ ಆಗ ತಿಳಿಯುತ್ತದೆ. ಲೆನ್ಸಿನ ತುದಿಗೆ ಕೊಳವೆಯಂತೆ ಕೂರುವ ಲೆನ್ಸ್ ಹುಡ್ ಹಾಕಿರಿ, ಅಂಗಿಯ ತುದಿಯಿಂದ ಮಾತ್ರ ಒರೆಸಬೇಡಿ. ಬೆಚ್ಚಗಿನ ಮನೆಯೊಳಕ್ಕೆ ಬಂದ ಕೂಡಲೇ ಕ್ಯಾಮೆರಾ ಹೊರತೆಗೆಯದೆ ಒಂದಿಷ್ಟು ಹೊತ್ತು ಚೀಲದಲ್ಲಿಯೇ ಮುಚ್ಚಿಡಿ.

ಪ್ರಶ್ನೆ: ಮಂಜಿನ ರಾತ್ರಿ ಫ್ಲ್ಯಾಶ್ ಬಳಸಿದರೆ ಚಿತ್ರದ ತುಂಬ ಬಿಳಿಚುಕ್ಕಿಗಳು ಬರುತ್ತವೆ. ಲೆನ್ಸ್ ಕೆಟ್ಟಿದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಕೆಟ್ಟಿಲ್ಲ. ಲೆನ್ಸಿನ ಹತ್ತಿರವೇ ತೇಲುವ ನೀರಹನಿಗಳು ಫ್ಲ್ಯಾಶಿನ ಬೆಳಕನ್ನು ನಿಮ್ಮತ್ತಲೇ ಮರಳಿಸುತ್ತಿವೆ. ಫ್ಲ್ಯಾಶ್ ಆರಿಸಿ, ಬೀದಿದೀಪ ನಿಮಗೆ ಎದುರಾಗಿ, ನಡುವೆ ಒಂದು ಮರವೋ ಕೊಡೆ ಹಿಡಿದು ನಡೆಯುವ ಮನುಷ್ಯನೋ ಇರುವಂತೆ ನಿಲ್ಲಿ.

ಪ್ರಶ್ನೆ: ಮಡಿಕೇರಿ ದಸರಾದ ದಶಮಂಟಪಗಳನ್ನು ಮೊಬೈಲಿನಲ್ಲಿ ತೆಗೆದರೆ ದೇವರ ಮುಖ ಬೆಳ್ಳಗಾಗುತ್ತದೆ, ಚಲಿಸುವ ಬೊಂಬೆಗಳ ಕೈ ಎರಡೆರಡಾಗಿ ಕಾಣುತ್ತವೆ. ಉಪಾಯವೇನು?
– ಓದುಗರು, ಗೋಣಿಕೊಪ್ಪಲು

ಉತ್ತರ: ಮೊಬೈಲಿನ ನೈಟ್ ಮೋಡ್ ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಒಂದಾಗಿ ಬೆಸೆಯುತ್ತದೆ. ನಿಂತ ಕಟ್ಟಡಕ್ಕೆ ಅದು ಸರಿ. ರಾಕ್ಷಸನ ಮೇಲೆ ಎರಗುವ ದೇವಿಯ ಕೈಗೆ ಸರಿಯಲ್ಲ. ಅದನ್ನು ಆಫ್ ಮಾಡಿ, ಪರದೆಯಲ್ಲಿ ದೇವರ ಮುಖವನ್ನು ಒತ್ತಿ ಹಿಡಿದು ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಸುತ್ತಲಿನ ಜನ ಕಪ್ಪಗಾದರೂ ಮುಖದ ಬಣ್ಣ ಉಳಿಯುತ್ತದೆ. ಶಟರನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡ್ ಇದ್ದರೆ ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಇಡಿ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುವುದರಿಂದ ಅದಕ್ಕಿಂತ ವೇಗವಾದ ಶಟರಿನಲ್ಲಿ ಚಿತ್ರಕ್ಕೆ ಅಡ್ಡಪಟ್ಟಿಗಳು ಬೀಳುವ ಸಂಭವ ಹೆಚ್ಚು.

ವಿಜಯದಶಮಿಯ ಶೋಭಾಯಾತ್ರೆ ಬೆಳಗಿನವರೆಗೆ ನಡೆಯುವುದರಿಂದ ಬ್ಯಾಟರಿಯನ್ನೆಲ್ಲ ನಡುರಾತ್ರಿಯೇ ಮುಗಿಸಿಕೊಳ್ಳಬೇಡಿ. ಆರು ಗಂಟೆಯ ಆಸುಪಾಸಿನಲ್ಲಿ, ಮೇಲೆ ಸುಂಟಿಕೊಪ್ಪದವರಿಗೆ ಹೇಳಿದ ಅದೇ ನೀಲಿ ಬೆಳಕು ಮಂಟಪಗಳ ಹಿಂದೆ ಮತ್ತೆ ಮೂಡುತ್ತದೆ, ಮತ್ತು ಆ ಹೊತ್ತಿಗೆ ನಿಮ್ಮ ಮುಂದೆ ನಿಂತು ನೋಟಕ್ಕೆ ಅಡ್ಡವಾಗಿದ್ದವರಲ್ಲಿ ಅನೇಕರು ಮನೆಗೆ ಹೋಗಿರುತ್ತಾರೆ.