ವಿ-ಕ್ರಾಸ್ ಮುಂದಿನ ಸ್ಪ್ರಿಂಗ್: ಎತ್ತರಕ್ಕಿಂತ ಮೊದಲು ತೂಕ

ನಮಸ್ಕಾರ ಸರ್. ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಕೇಬಲ್ ಯಂತ್ರ) ಹಾಕಿಸಿದ ಮೇಲೆ ನಿಮ್ಮ ಇಸುಜು ವಿ-ಕ್ರಾಸ್ ಪಿಕಪ್‌ನ ಮೂತಿ ತಗ್ಗಿದೆ, 2 ಇಂಚು ಎತ್ತಲು ಯಾವ ಸ್ಪ್ರಿಂಗ್ ಅಂತ ಕೇಳಿದ್ದೀರಿ.

ಅಂಗಡಿಯಲ್ಲಿ ‘2 ಇಂಚಿನ ಸ್ಪ್ರಿಂಗ್ ಕೊಡಿ’ ಅನ್ನಬೇಡಿ. ಮುಂದೆ ಕಾಯಂ ಕೂತಿರುವ ಹೆಚ್ಚುವರಿ ತೂಕ ಎಷ್ಟು ಕೆಜಿ ಅಂತ ಹೇಳಿ. ಕಳಚಿದ ಹಳೇ ಬಂಪರಿನ ತೂಕ ಕಳೆಯಲು ಮರೆಯಬೇಡಿ. 100 ಕೆಜಿ ಹೊರುವ ಸ್ಪ್ರಿಂಗನ್ನು ಬರಿಗಾಡಿಗೆ ಹಾಕಿದರೆ ಮೂತಿ ಅತಿಯಾಗಿ ಏರುತ್ತದೆ, ಹಂಪ್ ಇಳಿಯುವಾಗ ಶಾಕ್ ಅಬ್ಸಾರ್ಬರ್ ಪೂರ್ತಿ ಹಿಗ್ಗಿ ‘ಟಕ್’ ಅಂತ ಬಡಿಯುತ್ತದೆ.

ಎತ್ತರ 40 ಮಿ.ಮೀ.ಗೆ ನಿಲ್ಲಿಸುವುದು ಒಳ್ಳೆಯದು. ಅದಕ್ಕಿಂತ ಏರಿಸಿದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಕೋನ ಕಡಿದಾಗಿ, ಸಿವಿ ಬೂಟಿನ (ಶಾಫ್ಟ್ ಕೀಲಿನ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆಯ) ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಚಕ್ರದ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿರಬಹುದು. ಸ್ಪ್ರಿಂಗ್ ಜೊತೆಗೆ ಸ್ಪೇಸರ್ (ಎತ್ತರ ಕೂಡಿಸುವ ಬಿಲ್ಲೆ) ದಯವಿಟ್ಟು ಬೇಡ: ಸ್ಪ್ರಿಂಗ್ ಕೂರುವುದು ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮಿನ ನಡುಭಾಗದಲ್ಲಿ, ಹಾಗಾಗಿ ಶಾಕ್ ತಲೆಯ ಮೇಲಿಟ್ಟ 20 ಮಿ.ಮೀ. ಸ್ಪೇಸರ್ ಚಕ್ರದ ಹತ್ತಿರ ಸುಮಾರು 40 ಮಿ.ಮೀ. ಆಗುತ್ತದೆ.

ಬಿಚ್ಚುವ ಮೊದಲು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಉಪಕರಣ) ಇಲ್ಲದೆ ಶಾಕ್‌ನ ಮೇಲಿನ ನಟ್ ಮುಟ್ಟಲೇಬಾರದು, ಜೀವಕ್ಕೇ ಅಪಾಯ. ಆರ್ಮ್ ಬುಷ್ (ಆರ್ಮಿನ ಕೀಲಿನಲ್ಲಿರುವ ರಬ್ಬರ್) ಬೋಲ್ಟ್‌ಗಳ ಕೊನೇ ಬಿಗಿ ಗಾಡಿ ನೆಲದ ಮೇಲೆ ನಿಂತ ಮೇಲೆಯೇ. ಜ್ಯಾಕ್ ಮೇಲಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಸೀಳುತ್ತದೆ. ಅದೇ ದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಂಕಿ ಕೇಳಿ ತಗೊಳ್ಳಿ. ಅದು ಕಡಿಮೆಯಾಗಿದ್ದರೆ ಹೈವೇಯಲ್ಲಿ ಸ್ಟೀರಿಂಗ್ ಅಲೆಯುತ್ತದೆ. 500 ಕಿ.ಮೀ. ಓಡಿದ ಮೇಲೆ ಎತ್ತರ ಮತ್ತೆ ಅಳೆಯಿರಿ. ಹೆಡ್‌ಲೈಟನ್ನೂ ತಗ್ಗಿಸಿ.