ಹಿಮ ಕರಗಿದರೆ ಪೆಂಗ್ವಿನ್ ಹಾರುತ್ತಾ?

ಪ್ರಶ್ನೆ: ಭೂಮಿ ಬಿಸಿಯಾಗಿ ಅಂಟಾರ್ಕ್ಟಿಕಾದ ಹಿಮವೆಲ್ಲ ಕರಗಿ ಅಲ್ಲಿ ಕಾಡು ಬೆಳೆಯಿತು ಅಂತಿಟ್ಟುಕೊಳ್ಳೋಣ. ಲಕ್ಷಾಂತರ ವರ್ಷ ಕಳೆದ ಮೇಲೆ ಪೆಂಗ್ವಿನ್‌ಗಳು ಮತ್ತೆ ಹಾರಬಹುದಾ? ಆ ಕಾಡಿನಲ್ಲಿ ಎಂಥ ಹಕ್ಕಿಗಳಿರಬಹುದು?
– ಓದುಗರೊಬ್ಬರು, ಶಿರಸಿ

ಉತ್ತರ: ಪೆಂಗ್ವಿನ್ ಹಾರೋದು ಕಷ್ಟ. ಅದು ಹಾರಾಟ ಬಿಟ್ಟಿದ್ದು ಈಜಿಗಾಗಿ, ಚಳಿಗೂ ಅದಕ್ಕೂ ಸಂಬಂಧವಿಲ್ಲ. ಅಂಟಾರ್ಕ್ಟಿಕಾದಲ್ಲಿ ಕಾಡು ಮೊದಲೇ ಇತ್ತು. ಅಲ್ಲಿನ ಸೀಮೋರ್ ದ್ವೀಪದಲ್ಲಿ ಬೀಚ್ (beech) ಅನ್ನೋ ಜಾತಿಯ ಮರಗಳ ಎಲೆಗಳೂ ಸಿಕ್ಕಿವೆ, ಸುಮಾರು 3.7 ಕೋಟಿ ವರ್ಷ ಹಳೆಯ ಪೆಂಗ್ವಿನ್ ಮೂಳೆಗಳೂ ಸಿಕ್ಕಿವೆ. ಕೊಕ್ಕಿನ ತುದಿಯಿಂದ ಕಾಲ್ಬೆರಳಿನವರೆಗೆ ಅದು 2 ಮೀಟರ್ ಇತ್ತು ಅಂತ ಅಂದಾಜು. ಹಿಮ ಇಲ್ಲದ ಆ ಕಾಲದಲ್ಲೂ ಅದು ಈಜಿಕೊಂಡೇ ಇತ್ತು, ಅಲ್ವಾ?

ಕಾಡಿಗೆ ನುಗ್ಗುವವರು ಬೇರೆ. ನನ್ನ ಮೊದಲ ಆಯ್ಕೆ ಶೀತ್‌ಬಿಲ್ ಅನ್ನೋ ಬಿಳಿ ಹಕ್ಕಿ. ತಾಯಿ ಪೆಂಗ್ವಿನ್ ಮರಿಗೆ ಗುಟುಕು ಕೊಡುವಾಗ ಇದು ಮಧ್ಯೆ ನುಗ್ಗಿ, ಬಾಯಿಂದ ನೆಲಕ್ಕೆ ಚೆಲ್ಲಿದ ಕ್ರಿಲ್ ಸೀಗಡಿಯನ್ನು ಹೆಕ್ಕಿ ತಿನ್ನುತ್ತದೆ, ಮೊಟ್ಟೆ, ಹಿಕ್ಕೆ ಯಾವುದನ್ನೂ ಬಿಡುವುದಿಲ್ಲ. ಕಾಲ್ಬೆರಳುಗಳ ನಡುವೆ ಜಾಲಪೊರೆ ಇಲ್ಲ, ನೆಲದ ಮೇಲೆ ಓಡಾಡಿಕೊಂಡೇ ಬದುಕುತ್ತದೆ. ಇಂಥ ಸಿಕ್ಕಿದ್ದು ತಿನ್ನುವ ಹಕ್ಕಿಗೇ ಹೊಸ ಕಾಡಿನಲ್ಲಿ ಅವಕಾಶ ಜಾಸ್ತಿ. ಎರಡನೆಯದು ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಪಿಪಿಟ್ ಅನ್ನೋ ಪುಟ್ಟ ಹಕ್ಕಿ. ನಮ್ಮ ಗದ್ದೆ ಬದುಗಳಲ್ಲಿ ಓಡಾಡುವ ಪಿಪಿಟ್‌ಗಳ ಬಳಗವೇ. ಹಡಗಿನಲ್ಲಿ ಬಂದ ಇಲಿಗಳು ಅದನ್ನು ಮೂಲೆಗೆ ತಳ್ಳಿದ್ದವು. ಇಲಿಗಳನ್ನು ತೆಗೆದು, 2018ರಲ್ಲಿ ದ್ವೀಪ ಇಲಿಮುಕ್ತ ಅಂತ ಘೋಷಿಸಿದರು. ಪಿಪಿಟ್ ಹಳೇ ಜಾಗಗಳಲ್ಲೆಲ್ಲ ಮತ್ತೆ ಗೂಡು ಕಟ್ಟುತ್ತಿದೆ. ಇದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ.

ಆದರೆ ಎಷ್ಟೇ ಬಿಸಿಯಾದರೂ ಧ್ರುವದ ಕತ್ತಲು ಕರಗಲ್ಲ. ಭೂಮಿಯ ಓರೆ ಹಾಗೇ ಇರುತ್ತದೆ, 80 ಡಿಗ್ರಿ ದಕ್ಷಿಣದಲ್ಲಿ ಸುಮಾರು 4 ತಿಂಗಳು ಸೂರ್ಯ ಕಾಣುವುದಿಲ್ಲ. ಹಾಗಾಗಿ ಒಳನಾಡಿನ ಕಾಡಿಗೆ ಬೇಸಿಗೆಯಲ್ಲಿ ಬಂದು, ಮರಿ ಮಾಡಿಕೊಂಡು ಹೋಗುವ ವಲಸೆ ಹಕ್ಕಿಗಳೇ ಜಾಸ್ತಿ ಇರಬಹುದು, ಅವುಗಳ ರೆಕ್ಕೆ ಉದ್ದವಾಗಿಯೇ ಉಳಿಯುತ್ತದೆ. ಅಂಟಾರ್ಕ್ಟಿಕಾದಿಂದ ಉತ್ತರಕ್ಕೆ ಚಾಚಿದ ಪರ್ಯಾಯ ದ್ವೀಪದ ತುದಿ ಧ್ರುವ ವೃತ್ತದಿಂದ ಹೊರಗಿದೆ, ಚಳಿಗಾಲದಲ್ಲೂ ದಿನಕ್ಕೆ ಸ್ವಲ್ಪ ಬೆಳಕಿರುತ್ತದೆ. ವರ್ಷವಿಡೀ ಅಲ್ಲೇ ಉಳಿದ ಹಕ್ಕಿಗಳು, ಹಿಡಿದು ತಿನ್ನುವ ಪ್ರಾಣಿ ಇಲ್ಲದಿದ್ದರೆ, ಹಾರಾಟವನ್ನೇ ಬಿಟ್ಟಾವು. ಇದು ಸುಮ್ನೆ ಕಲ್ಪನೆಯಲ್ಲ. ಹಿಂದೂ ಮಹಾಸಾಗರದ ಆಲ್ಡಾಬ್ರಾ ದ್ವೀಪಕ್ಕೆ ಮಡಗಾಸ್ಕರ್‌ನಿಂದ ಹಾರಿ ಬಂದ ರೈಲ್ ಅನ್ನೋ ಹಕ್ಕಿಗಳು ಹಾರೋದನ್ನು ಮರೆತಿದ್ದವು, ಸುಮಾರು 1.36 ಲಕ್ಷ ವರ್ಷಗಳ ಹಿಂದೆ ಸಮುದ್ರ ಏರಿ ಅವೆಲ್ಲ ಮುಳುಗಿ ಹೋದವು, ನೀರು ಇಳಿದ ಮೇಲೆ ಮಡಗಾಸ್ಕರ್‌ನಿಂದಲೇ ಬಂದ ಹೊಸ ರೈಲ್‌ಗಳೂ ಹಾರಾಟ ಬಿಟ್ಟವು!

ಇದಕ್ಕೆಲ್ಲ ಸಾವಿರಾರು ವರ್ಷ ಬೇಕು. ಹಿಮ ಅಷ್ಟು ಕಾಯುತ್ತಿಲ್ಲ. 2022ರಲ್ಲಿ ಅಂಟಾರ್ಕ್ಟಿಕಾದ ಬೆಲಿಂಗ್ಸ್‌ಹೌಸನ್ ಸಮುದ್ರದ 5 ಎಂಪರರ್ ಪೆಂಗ್ವಿನ್ ನೆಲೆಗಳ ಪೈಕಿ 4ರಲ್ಲಿ, ಮರಿಗಳಿಗೆ ನೀರು ತಡೆಯುವ ಗರಿ ಬರುವ ಮೊದಲೇ ಕಾಲಡಿಯ ಮಂಜುಗಡ್ಡೆ ಒಡೆಯಿತು. ಮರಿಗಳೆಲ್ಲ ಸತ್ತಿರಬೇಕು. ಅದಕ್ಕೇ ನನ್ನ ಊಹೆಯ ಆ ಕಾಡಿನ ದಡದಲ್ಲಿ ಎಂಪರರ್ ಇಲ್ಲ. ಜೆಂಟೂ ಪೆಂಗ್ವಿನ್ ಇದೆ. ಅದು ನೆಲದ ಮೇಲೆ ಕಲ್ಲು ಜೋಡಿಸಿ ಗೂಡು ಮಾಡುತ್ತದೆ, ಈಗಾಗಲೇ ದಕ್ಷಿಣದ ಕಡೆ ಹರಡುತ್ತಿದೆ.